ಏರು ಎಂದಿತು ಯಂತ್ರ, ಇಳಿ ಎಂದಿತು ನೆಲ

2001ರ ಜನವರಿ 31, ಮಧ್ಯಾಹ್ನ 3 ಗಂಟೆ 54 ನಿಮಿಷ. ಟೋಕಿಯೊ ಸಮೀಪದ ತೊಕೊರೊಜಾವಾದಲ್ಲಿರುವ ವಾಯು ಸಂಚಾರ ನಿಯಂತ್ರಣ ಕೇಂದ್ರದಲ್ಲಿ 26 ವರ್ಷದ ತರಬೇತಿ ಕಂಟ್ರೋಲರ್ ಒಬ್ಬ ರೇಡಾರ್ ಪರದೆಯ ಮುಂದೆ ಕುಳಿತಿದ್ದ. ಪಕ್ಕದಲ್ಲಿ ಅವನಿಗೆ ಕೆಲಸ ಕಲಿಸುತ್ತಿದ್ದ ಮೇಲ್ವಿಚಾರಕಿ. ಹತ್ತರಷ್ಟು ವಿಮಾನಗಳನ್ನು ಅವನು ಏಕಕಾಲಕ್ಕೆ ನಿಭಾಯಿಸುತ್ತಿದ್ದ. ಅವುಗಳ ನಡುವೆ ಜಪಾನ್ ಏರ್‌ಲೈನ್ಸ್‌ನ ಎರಡು ವಿಮಾನಗಳಿದ್ದವು. ಒಂದು, ಹನೇಡದಿಂದ ಒಕಿನಾವಾದ ನಾಹಾಕ್ಕೆ ಹೊರಟಿದ್ದ 907. ಬೋಯಿಂಗ್ 747, ಅಂದರೆ ಜಂಬೊ ಜೆಟ್, ಒಳಗೆ 427 ಮಂದಿ, ಇನ್ನೂ ಮೇಲೇರುತ್ತಿತ್ತು. ಇನ್ನೊಂದು, ದಕ್ಷಿಣ ಕೊರಿಯಾದ ಬುಸಾನ್‌ನಿಂದ ನರಿಟಾಕ್ಕೆ ಬರುತ್ತಿದ್ದ 958. ಡಿಸಿ-10, 250 ಮಂದಿ, 37,000 ಅಡಿಯಲ್ಲಿ ಸಮನಾಗಿ ಹಾರುತ್ತಿತ್ತು. ಶಿಜುವೊಕಾ ಪ್ರಾಂತ್ಯದ ಯೈಜು ಪಟ್ಟಣದ ಬಳಿ ಇವೆರಡರ ದಾರಿ ಅಡ್ಡ ಹಾಯುತ್ತಿತ್ತು.

ಪರದೆಯ ಮೇಲೆ ಎಚ್ಚರಿಕೆ ಮಿನುಗಿತು. ಯುವಕ ಹಾಕಿದ ಲೆಕ್ಕ ಸರಿಯಾಗಿಯೇ ಇತ್ತು. 958 ಅನ್ನು 35,000 ಅಡಿಗೆ ಇಳಿಸಿದರೆ ಏರುತ್ತಿರುವ ಜಂಬೊ ಅದರ ಮೇಲಿಂದ ಹೋಗುತ್ತದೆ, ಅಷ್ಟೇ. ಆದರೆ ಬಾಯಿಗೆ ಬಂದ ನಂಬರು 907.

ರೇಡಿಯೊ ಮಾತುಕತೆಯ ಶಿಸ್ತಿನಲ್ಲಿ ಪೈಲಟ್‌ಗಳು ಪ್ರತಿ ಆದೇಶವನ್ನೂ ಮರಳಿ ಉಚ್ಚರಿಸಬೇಕು. ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳಲಿ ಎಂದೇ ಈ ಪದ್ಧತಿ. 907ರವರು ತಮ್ಮ ನಂಬರು ಹೇಳಿ, 35,000 ಅಡಿಗೆ ಇಳಿಯುತ್ತೇವೆ ಎಂದು ಮರಳಿ ಹೇಳಿದರು. ಯುವಕನಿಗೂ ಅದು ಕಿವಿಗೆ ನಾಟಲಿಲ್ಲ, ಮೇಲ್ವಿಚಾರಕಿಗೂ ನಾಟಲಿಲ್ಲ. ಹೇಳಬೇಕೆಂದುಕೊಂಡದ್ದನ್ನೇ ಹೇಳಿದ್ದೇವೆ ಎಂದು ನಂಬಿದ ಮನಸ್ಸಿಗೆ ಕೇಳುವುದೂ ಅದೇ. 37,000 ಅಡಿಯ ಆಸುಪಾಸಿನಲ್ಲಿ ಏರುತ್ತಿದ್ದ ಜಂಬೊ ಏರುವುದನ್ನು ಬಿಟ್ಟು ಮೂತಿ ತಗ್ಗಿಸಿತು.

ಅಲ್ಲಿಂದ ಮುಂದಿನದೆಲ್ಲ ಒಂದು ನಿಮಿಷದೊಳಗಿನ ಮಾತು. ಎರಡೂ ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ಯಂತ್ರವಿತ್ತು. ಟಿಸಿಎಎಸ್ ಎಂದು ಅದರ ಹೆಸರು. ಪೈಲಟ್‌ಗಳ ಬಾಯಲ್ಲಿ ಟೀಕ್ಯಾಸ್. ಅದು ಡಿಸಿ-10ರ ಕಾಕ್‌ಪಿಟ್‌ನಲ್ಲಿ ‘ಇಳಿ, ಇಳಿ’ ಎಂದು ಕೂಗಿತು; ಜಂಬೊದ ಕಾಕ್‌ಪಿಟ್‌ನಲ್ಲಿ ‘ಏರು, ಏರು’ ಎಂದು ಕೂಗಿತು. ಡಿಸಿ-10 ಯಂತ್ರದ ಮಾತು ಕೇಳಿ ಇಳಿಯತೊಡಗಿತು. ಜಂಬೊದ ಕ್ಯಾಪ್ಟನ್ ಆಗಲೇ ಕಂಟ್ರೋಲರ್ ಮಾತು ಕೇಳಿ ಇಳಿಯುತ್ತಿದ್ದರು, ಇಳಿಯುತ್ತಲೇ ಹೋದರು. ಅಡ್ಡ ಹಾಯುವ ದಾರಿಯಲ್ಲಿ ಎರಡೂ ಜೊತೆಜೊತೆಗೆ ಕೆಳಗಿಳಿಯುತ್ತಿದ್ದವು.

ಕೆಳಗೆ ತೊಕೊರೊಜಾವಾದಲ್ಲಿ, ಪರದೆಯ ಮೇಲೆ 958 ಯಾಕೆ ಇನ್ನೂ ಇಳಿಯುತ್ತಿರುವಂತೆ ಕಾಣುತ್ತಿಲ್ಲ ಎಂದು ಗಾಬರಿಗೊಂಡ ಯುವಕ ಅದಕ್ಕೆ ಬಲಕ್ಕೆ ತಿರುಗಲು ಹೇಳಿದ. ಕೂಗುತ್ತಿದ್ದ ಯಂತ್ರದ ಕಡೆ ಗಮನವಿದ್ದ ಪೈಲಟ್‌ಗಳಿಗೆ ಅದು ಮುಟ್ಟಲಿಲ್ಲ. ಮೇಲ್ವಿಚಾರಕಿ ಮೈಕ್ ಕಸಿದುಕೊಂಡಂತೆ ನಡುವೆ ಬಂದು ಆದೇಶ ಕೊಟ್ಟರು, 957 ನಂಬರಿನ ವಿಮಾನಕ್ಕೆ. ಆ ನಂಬರಿನ ವಿಮಾನವೇ ಅವರ ಆಕಾಶದಲ್ಲಿ ಇರಲಿಲ್ಲ.

ಡಿಕ್ಕಿಯ ದಾರಿಯಲ್ಲಿರುವ ವಿಮಾನಕ್ಕೆ ಒಂದು ವಿಚಿತ್ರ ಗುಣವಿದೆ. ಎದುರಿನ ಗಾಜಿನ ಮೇಲೆ ಅದು ಎಡಕ್ಕೋ ಬಲಕ್ಕೋ ಸರಿಯುವುದಿಲ್ಲ. ಸರಿಯುತ್ತಿದ್ದರೆ ಪಾರಾದಂತೆಯೇ. ಡಿಕ್ಕಿ ಹೊಡೆಯುವುದು ಮಾತ್ರ ಇದ್ದ ಜಾಗದಲ್ಲೇ ಇದ್ದು ದೊಡ್ಡದಾಗುತ್ತದೆ. ಬಹಳ ಹೊತ್ತು ಚುಕ್ಕೆಯಷ್ಟೇ ಇದ್ದು, ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಗಾಜನ್ನೆಲ್ಲ ತುಂಬಿಕೊಳ್ಳುತ್ತದೆ. ಜಂಬೊದ ಕ್ಯಾಪ್ಟನ್ ಇನ್ನೂ ಜೋರಾಗಿ ಮೂತಿ ತಗ್ಗಿಸಿ ಡಿಸಿ-10ರ ಅಡಿಯಿಂದ ನುಸುಳಿದರು. ಎರಡರ ನಡುವೆ ಉಳಿದದ್ದು ಸುಮಾರು 135 ಮೀಟರ್. ಜಂಬೊ ಜೆಟ್‌ನ ಉದ್ದವೇ 70 ಮೀಟರ್ ಮೇಲಿದೆ.

ಪ್ರಯಾಣಿಕರ ಕ್ಯಾಬಿನ್‌ನಲ್ಲಿ ಆಗ ಪಾನೀಯಗಳ ಗಾಡಿ ಓಡಾಡುತ್ತಿತ್ತು. ವಿಮಾನ ಕೆಳಗೆ ಬಿದ್ದ ವೇಗಕ್ಕೆ ಬೆಲ್ಟ್ ಹಾಕದವರು, ಗಗನಸಖಿಯರು, ಆ ಗಾಡಿಗಳು ಎಲ್ಲವೂ ಹಾರಿ ಚಾವಣಿಗೆ ಬಡಿದವು. ಚಾವಣಿಯ ಹಲಗೆಗಳು ಕಿತ್ತುಬಂದವು. ಒಬ್ಬ ಹುಡುಗ ನಾಲ್ಕು ಸಾಲು ಆಚೆಗೆ ಹೋಗಿ ಬಿದ್ದ. ಬಿಸಿ ಪಾನೀಯ ಚೆಲ್ಲಿ ಕೆಲವರಿಗೆ ಸುಟ್ಟ ಗಾಯಗಳಾದವು. ಒಟ್ಟು ನೂರು ಮಂದಿಗೆ ಪೆಟ್ಟಾಯಿತು, ಅವರಲ್ಲಿ ಒಂಬತ್ತು ಮಂದಿಗೆ ತೀವ್ರವಾಗಿ. ಡಿಸಿ-10ರಲ್ಲಿ ಯಾರಿಗೂ ಏನೂ ಆಗಲಿಲ್ಲ. ಜಂಬೊ ಹನೇಡಕ್ಕೆ ಮರಳಿತು. ಎರಡೂ ಸೇರಿ 677 ಜೀವ. ಡಿಕ್ಕಿ ಹೊಡೆದಿದ್ದರೆ ವಿಮಾನಯಾನದ ಚರಿತ್ರೆಯಲ್ಲೇ ಅದಕ್ಕಿಂತ ದೊಡ್ಡ ಅಪಘಾತ ಇರುತ್ತಿರಲಿಲ್ಲ. 1977ರಲ್ಲಿ ಟೆನೆರಿಫ್‌ನ ರನ್‌ವೇ ಮೇಲೆ ಎರಡು ಜಂಬೊಗಳು ಡಿಕ್ಕಿಯಾಗಿ ಸತ್ತವರು 583.

ಯಾರೂ ಸಾಯಲಿಲ್ಲವಾದ್ದರಿಂದ ಈ ಘಟನೆಯನ್ನು ಜಪಾನಿನ ಆಚೆ ನೆನೆಯುವವರು ಕಡಿಮೆ. ಆದರೆ ನನ್ನ ಲೆಕ್ಕದಲ್ಲಿ ಕಳೆದ ಐವತ್ತು ವರ್ಷಗಳ ವಿಮಾನಯಾನದಲ್ಲಿ ಇಷ್ಟು ಕಡಿಮೆ ಬೆಲೆಗೆ ಸಿಕ್ಕ ಪಾಠ ಇನ್ನೊಂದಿಲ್ಲ, ಇಷ್ಟು ದುಬಾರಿಯಾಗಿ ಕೈತಪ್ಪಿಸಿಕೊಂಡದ್ದೂ ಇನ್ನೊಂದಿಲ್ಲ. ಅದು ಅರ್ಥವಾಗಬೇಕಾದರೆ ಮೊದಲು ಆ ಯಂತ್ರದ ಒಳಗುಟ್ಟು ತಿಳಿಯಬೇಕು.

ದೂರ ಅಲ್ಲ, ಸಮಯ

ಪ್ರತಿ ಪ್ರಯಾಣಿಕ ವಿಮಾನದಲ್ಲೂ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆಯಿದೆ. ‘ನೀನು ಯಾರು, ಎಷ್ಟು ಎತ್ತರದಲ್ಲಿದ್ದೀಯ’ ಎಂದು ನೆಲದ ರೇಡಾರ್ ಕೇಳಿದರೆ ಅದು ತಾನೇ ಉತ್ತರಿಸುತ್ತದೆ. ಟೀಕ್ಯಾಸ್ ಮಾಡುವುದು ಇಷ್ಟೇ: ನೆಲದ ರೇಡಾರ್ ಕೇಳುವ ಈ ಪ್ರಶ್ನೆಯನ್ನು ತಾನೇ ಆಕಾಶದಲ್ಲಿ ಕೇಳುತ್ತದೆ. ಸುಮಾರು ಸೆಕೆಂಡಿಗೊಮ್ಮೆ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ, 1090ರಲ್ಲಿ ಉತ್ತರ. ಉತ್ತರ ಬರಲು ಹಿಡಿದ ಕಾಲದಿಂದ ದೂರ ಗೊತ್ತಾಗುತ್ತದೆ, ಉತ್ತರದೊಳಗೆ ಎತ್ತರ ಇರುತ್ತದೆ. ನೆಲದವರ ನೆರವು ಇದಕ್ಕೆ ಬೇಕಿಲ್ಲ. ನೆಲದ ರೇಡಾರ್ ಕೆಟ್ಟಿದ್ದರೂ, ಕಂಟ್ರೋಲರ್ ತೂಕಡಿಸಿದರೂ ಇದು ಎಚ್ಚರವಾಗಿರುತ್ತದೆ.

ಇದರ ಜೀವಾಳವಾದ ಉಪಾಯ 1950ರ ದಶಕದ್ದು. ಬೆಂಡಿಕ್ಸ್ ಕಂಪನಿಯ ಜೆ.ಎಸ್. ಮೊರೆಲ್ ಎಂಬ ವಿಜ್ಞಾನಿ ತೋರಿಸಿಕೊಟ್ಟದ್ದು: ಅಪಾಯವನ್ನು ಅಳೆಯಬೇಕಾದದ್ದು ಮೈಲಿಗಳಲ್ಲಿ ಅಲ್ಲ, ಸೆಕೆಂಡುಗಳಲ್ಲಿ. ಒಂದರ ಹಿಂದೆ ಒಂದು ಒಂದೇ ವೇಗದಲ್ಲಿ ಹೋಗುವ ವಿಮಾನಗಳು ಒಂಬತ್ತು ಕಿಲೋಮೀಟರ್ ಅಂತರದಲ್ಲಿದ್ದರೆ ದಿನವಿಡೀ ಹಾಗೇ ಹೋಗಬಹುದು. ಅದೇ ಒಂಬತ್ತು ಕಿಲೋಮೀಟರ್ ದೂರದಲ್ಲಿ ಎದುರುಬದುರಾಗಿ, ತಲಾ ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದರೆ ಉಳಿದಿರುವುದು 20 ಸೆಕೆಂಡು. ಹಾಗಾಗಿ ಯಂತ್ರ ದೂರವನ್ನು ಹತ್ತಿರವಾಗುವ ವೇಗದಿಂದ ಭಾಗಿಸುತ್ತಲೇ ಇರುತ್ತದೆ. ಎತ್ತರಕ್ಕೆ ತಕ್ಕಂತೆ ಇಪ್ಪತ್ತರಿಂದ ಐವತ್ತು ಸೆಕೆಂಡಿನೊಳಗೆ ಬಂತೋ, ‘ಟ್ರಾಫಿಕ್, ಟ್ರಾಫಿಕ್’ ಎಂದು ಎಚ್ಚರಿಸುತ್ತದೆ. ಇನ್ನೂ ಹತ್ತಿರವಾಗಿ ಹದಿನೈದರಿಂದ ಮೂವತ್ತೈದು ಸೆಕೆಂಡಿನೊಳಗೆ ಬಂದರೆ ಅದು ಸೂಚನೆಯಲ್ಲ, ಆಜ್ಞೆ: ಏರು ಅಥವಾ ಇಳಿ. ಪೈಲಟ್ ಐದು ಸೆಕೆಂಡಿನೊಳಗೆ ಕೈ ಆಡಿಸಬೇಕು. ಎಡ–ಬಲದ ಆಜ್ಞೆಯನ್ನು ಇದು ಕೊಡುವುದೇ ಇಲ್ಲ. ಎದುರಿನ ವಿಮಾನ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಇದರ ಆಂಟೆನಾ ಅಷ್ಟು ನಿಖರವಾಗಿ ಅಳೆಯಲಾರದು. ಎತ್ತರ ಮಾತ್ರ ನಂಬಬಹುದಾದ ಅಂಕಿ.

ಮುಖ್ಯ ಸಂಗತಿ ಇದಲ್ಲ. ಕಿರಿದಾದ ಓಣಿಯಲ್ಲಿ ಎದುರಾದ ಇಬ್ಬರು ದಾರಿ ಬಿಡಲು ಹೋಗಿ ಇಬ್ಬರೂ ಒಂದೇ ಬದಿಗೆ ಸರಿದು, ಮತ್ತೆ ಇನ್ನೊಂದು ಬದಿಗೆ ಸರಿದು ಎದುರಾಗುತ್ತಾರಲ್ಲ, ಆಕಾಶದಲ್ಲಿ ಹಾಗಾಗಬಾರದು. ಅದಕ್ಕೆ ಎರಡು ಟೀಕ್ಯಾಸ್‌ಗಳು ಆಜ್ಞೆ ಕೊಡುವ ಮುನ್ನ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ನಾನು ಏರುತ್ತೇನೆ ಎಂದು ಒಂದು ಹೇಳಿದ ಕೂಡಲೇ ಇನ್ನೊಂದು ಇಳಿಯುವುದನ್ನೇ ಆರಿಸಿಕೊಳ್ಳುತ್ತದೆ. ಒಪ್ಪಂದ ಆಗಿಹೋಯಿತು. ಈ ಒಪ್ಪಂದದಲ್ಲಿ ಕಂಟ್ರೋಲರ್ ಭಾಗಿಯಲ್ಲ. ಯಾವ ವಿಮಾನಕ್ಕೆ ಯಂತ್ರ ಏನು ಹೇಳಿದೆ ಎಂಬುದು ಆಗಿನ ಕಂಟ್ರೋಲರ್‌ಗಳಿಗೆ ಪೈಲಟ್ ಬಾಯಿಬಿಟ್ಟು ಹೇಳದ ಹೊರತು ತಿಳಿಯುತ್ತಲೂ ಇರಲಿಲ್ಲ.

ಯಂತ್ರ ಮನುಷ್ಯನಿಗಿಂತ ಬುದ್ಧಿವಂತ ಎಂದು ಇದರರ್ಥವಲ್ಲ; ಅದರ ತಿಳಿವಳಿಕೆ ತೀರಾ ಸೀಮಿತ. ಆದರೆ ಆ ಇಪ್ಪತ್ತು ಸೆಕೆಂಡಿನಲ್ಲಿ ಎದುರಿನವನ ಜೊತೆ ಮಾತುಕತೆ ಮುಗಿಸಿಕೊಂಡಿರುವುದು ಅದೊಂದೇ. ಒಪ್ಪಂದವನ್ನು ಇಬ್ಬರೂ ಪಾಲಿಸಿದರೆ ಇಬ್ಬರೂ ಬದುಕುತ್ತಾರೆ. ಒಬ್ಬ ಪಾಲಿಸಿ ಇನ್ನೊಬ್ಬ ಪಾಲಿಸದಿದ್ದರೆ, ಪಾಲಿಸಿದವನನ್ನೇ ಯಂತ್ರ ಡಿಕ್ಕಿಯ ದಾರಿಗೆ ತಂದು ನಿಲ್ಲಿಸುತ್ತದೆ. ಯೈಜುವಿನಲ್ಲಿ ಆದದ್ದು ಅದೇ. ಡಿಸಿ-10ರ ಪೈಲಟ್‌ಗಳು ಯಂತ್ರದ ಮಾತು ಕೇಳದೆ 37,000 ಅಡಿಯಲ್ಲೇ ಉಳಿದಿದ್ದರೆ, ಇಳಿಯುತ್ತಿದ್ದ ಜಂಬೊ ಅವರಿಂದ ಇನ್ನಷ್ಟು ಕೆಳಗೆ ಹಾದುಹೋಗುತ್ತಿತ್ತು.

ಹಾಗಾದರೆ ಜಂಬೊದ ಕ್ಯಾಪ್ಟನ್ ಯಾಕೆ ಏರಲಿಲ್ಲ? ಮನೆಯಲ್ಲಿ ಕುಳಿತು ಕೇಳುವುದು ಸುಲಭ. ಅವರ ಕೈಯಲ್ಲಿ ಆಗ ಇದ್ದದ್ದು ಎಂಜಿನ್‌ನ ಜೋರು ತಗ್ಗಿಸಿ ಇಳಿಯಲು ಶುರುಮಾಡಿದ್ದ ಭಾರೀ ವಿಮಾನ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಅದನ್ನು ಮತ್ತೆ ಏರಿಸಬೇಕೆಂದರೆ ಎಂಜಿನ್ ಜೋರು ಹಿಡಿಯಲು ಸಮಯ ಬೇಕು. ಅವಸರಕ್ಕೆ ಮೂತಿ ಎತ್ತಿದರೆ ವೇಗ ಕಳೆದುಕೊಳ್ಳುವ ಭಯ. ಮೇಲಾಗಿ ಇಳಿ ಎಂದವರು ಕಂಟ್ರೋಲರ್, ಇಡೀ ಆಕಾಶದ ಚಿತ್ರ ಕಣ್ಣೆದುರು ಇರುವವರು. ಎದುರಿನ ವಿಮಾನವೂ ಅವರಿಗೆ ಕಾಣುತ್ತಿತ್ತು. ಹಾರಾಟದ ಮೊದಲ ದಿನದಿಂದ ಕಂಟ್ರೋಲರ್ ಆದೇಶ ಮೀರಬಾರದು ಎಂದೇ ಕಲಿತ ವ್ಯಕ್ತಿ ಅವರು. ಅಂದಿನ ನಿಯಮಪುಸ್ತಕಗಳೋ, ಯಂತ್ರದ ಆಜ್ಞೆ ಪಾಲಿಸಿ ಎನ್ನುತ್ತಲೇ ಪೈಲಟ್ ವಿವೇಚನೆಗೆ ಬಾಗಿಲು ತೆರೆದಿಟ್ಟಿದ್ದವು. ಕಂಟ್ರೋಲರ್ ಒಂದು ಹೇಳಿ ಯಂತ್ರ ಅದಕ್ಕೆ ತದ್ವಿರುದ್ಧ ಹೇಳಿದರೆ ಯಾರ ಮಾತು ಮೇಲು ಎಂದು ಒಂದೇ ಸಾಲಿನಲ್ಲಿ, ಎರಡನೇ ಅರ್ಥಕ್ಕೆ ಎಡೆಯಿಲ್ಲದಂತೆ, ಅಂತರರಾಷ್ಟ್ರೀಯ ಮಟ್ಟದಲ್ಲಿ ಯಾರೂ ಬರೆದಿರಲಿಲ್ಲ.

ಆ ಒಂದು ಸಾಲು ಬರೆಯಿರಿ ಎಂದು ಯೈಜು ಹೇಳುತ್ತಿತ್ತು. ಜಪಾನ್ ಈ ವಿಷಯವನ್ನು ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ, ಅಂದರೆ ಐಸಿಎಒದ ಗಮನಕ್ಕೆ ತಂದು ಕ್ರಮ ಕೈಗೊಳ್ಳಲು ಕೋರಿತು. ಕಡತ ಕಡತವಾಗಿಯೇ ಉಳಿಯಿತು.

ಹದಿನೇಳು ತಿಂಗಳು

2002ರ ಜುಲೈ 1ರ ರಾತ್ರಿ. ರಷ್ಯಾದ ಬಷ್ಕಿರಿಯನ್ ಏರ್‌ಲೈನ್ಸ್‌ನ ಟುಪೊಲೆವ್ ವಿಮಾನ ಮಾಸ್ಕೋದಿಂದ ಬಾರ್ಸಿಲೋನಾಕ್ಕೆ ಹೋಗುತ್ತಿತ್ತು. ಅದರಲ್ಲಿ 69 ಮಂದಿ. ಬಹುಪಾಲು ಉಫಾ ನಗರದ ಶಾಲಾ ಮಕ್ಕಳು, ರಜೆಯ ಪ್ರವಾಸಕ್ಕೆ ಹೊರಟವರು. ಇನ್ನೊಂದು ಡಿಎಚ್‌ಎಲ್‌ನ ಸರಕು ವಿಮಾನ, ಬೋಯಿಂಗ್ 757, ಇಟಲಿಯ ಬೆರ್ಗಮೊದಿಂದ ಬ್ರಸೆಲ್ಸ್‌ಗೆ, ಇಬ್ಬರು ಪೈಲಟ್‌ಗಳು. ಜರ್ಮನಿಯ ದಕ್ಷಿಣ ಗಡಿಯಲ್ಲಿ, ಕಾನ್‌ಸ್ಟನ್ಸ್ ಸರೋವರದ ದಂಡೆಯ ಯೂಬರ್ಲಿಂಗನ್ ಊರಿನ ಮೇಲೆ ಎರಡೂ 36,000 ಅಡಿಯಲ್ಲಿ ಅಡ್ಡ ಹಾಯಲಿದ್ದವು.

ಅಲ್ಲಿನ ಆಕಾಶ ಜರ್ಮನಿಯದಾದರೂ ನಿಯಂತ್ರಣ ಸ್ವಿಟ್ಜರ್ಲೆಂಡಿನ ಜೂರಿಕ್‌ನದ್ದು. ಆ ರಾತ್ರಿ ಅಲ್ಲಿ ಒಬ್ಬರೇ ಕಂಟ್ರೋಲರ್ ಎರಡು ಮೇಜುಗಳ ಕೆಲಸ ನೋಡಿಕೊಳ್ಳುತ್ತಿದ್ದರು. ಸಹೋದ್ಯೋಗಿ ವಿಶ್ರಾಂತಿಗೆ ಹೋಗಿದ್ದರು. ದುರಸ್ತಿ ಕೆಲಸ ನಡೆಯುತ್ತಿದ್ದುದರಿಂದ ಪರದೆಯ ಮೇಲೆ ಡಿಕ್ಕಿಯ ಮುನ್ಸೂಚನೆ ತೋರಿಸುವ ವ್ಯವಸ್ಥೆ ಬಂದ್ ಆಗಿತ್ತು. ಮುಖ್ಯ ಟೆಲಿಫೋನ್ ಲೈನ್ ಕೂಡ ಬಂದ್. ಫ್ರೀಡ್ರಿಕ್ಸ್‌ಹಾಫನ್‌ಗೆ ಇಳಿಯಲು ತಡವಾಗಿ ಬಂದ ಇನ್ನೊಂದು ವಿಮಾನದ ಸಲುವಾಗಿ ಆ ನಿಲ್ದಾಣಕ್ಕೆ ಫೋನ್ ಮಾಡಲು ಹೋಗಿ ಅವರ ನಿಮಿಷಗಳು ಕಳೆದುಹೋದವು. ನೆರೆಯ ಕಾರ್ಲ್ಸ್‌ರೂ ಕೇಂದ್ರದವರಿಗೆ ತಮ್ಮ ರೇಡಾರ್‌ನಲ್ಲಿ ಎರಡೂ ವಿಮಾನಗಳು ಹತ್ತಿರವಾಗುತ್ತಿರುವುದು ಕಾಣುತ್ತಿತ್ತು. ಅವರು ಜೂರಿಕ್‌ಗೆ ಮತ್ತೆ ಮತ್ತೆ ಫೋನ್ ಮಾಡಿದರು, ಲೈನ್ ಸಿಗಲಿಲ್ಲ.

ಕೊನೆಗೂ ಕಣ್ಣು ಬಿದ್ದಾಗ ಕಂಟ್ರೋಲರ್ ರಷ್ಯಾದ ವಿಮಾನಕ್ಕೆ ತಕ್ಷಣ ಇಳಿಯಲು ಹೇಳಿದರು. ಕೆಲವೇ ಸೆಕೆಂಡುಗಳಲ್ಲಿ ಅದೇ ವಿಮಾನದ ಟೀಕ್ಯಾಸ್ ‘ಏರು’ ಎಂದಿತು. ಡಿಎಚ್‌ಎಲ್ ವಿಮಾನದ್ದು ‘ಇಳಿ’ ಎಂದಿತು. ಡಿಎಚ್‌ಎಲ್ ಪೈಲಟ್‌ಗಳು ಇಳಿದರು. ಟುಪೊಲೆವ್‌ನ ಕಾಕ್‌ಪಿಟ್‌ನಲ್ಲಿ ಯಂತ್ರ ಏರು ಅನ್ನುತ್ತಿದೆ ಎಂದು ಒಬ್ಬರು ಎತ್ತಿ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಆದರೂ ನೆಲದ ಮಾತೇ ಗೆದ್ದಿತು. ಎರಡೂ ಇಳಿದವು. ಸುಮಾರು 34,900 ಅಡಿಯಲ್ಲಿ, ಕತ್ತಲಲ್ಲಿ, ಡಿಎಚ್‌ಎಲ್ ವಿಮಾನದ ಬಾಲದ ರೆಕ್ಕೆ ಟುಪೊಲೆವ್ ಅನ್ನು ಸೀಳಿತು. 71 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ತಂದೆಯೊಬ್ಬ 2004ರ ಫೆಬ್ರುವರಿಯಲ್ಲಿ ಆ ಕಂಟ್ರೋಲರ್‌ನ ಮನೆ ಬಾಗಿಲಿಗೇ ಹೋಗಿ ಅವರನ್ನು ಇರಿದು ಕೊಂದ. ಈ ಕಥೆಯ ಆ ಭಾಗವನ್ನು ಸಿನಿಮಾದವರು, ಪತ್ರಿಕೆಯವರು ಬೇಕಾದಷ್ಟು ಹೇಳಿದ್ದಾರೆ.

ನನ್ನನ್ನು ಕಾಡುವುದು ಬೇರೆ. ಯೈಜು ಮತ್ತು ಯೂಬರ್ಲಿಂಗನ್ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಹಗಲು, ಇನ್ನೊಂದು ರಾತ್ರಿ. ಒಂದರಲ್ಲಿ ನಂಬರು ತಪ್ಪಿತು, ಇನ್ನೊಂದರಲ್ಲಿ ಗಮನ ತಪ್ಪಿತು. ಅದು ಬಿಟ್ಟರೆ ಒಳಗಿನ ಹೆಣಿಗೆ ಒಂದೇ. ಒಬ್ಬರಿಗೆ ನೆಲ ಇಳಿ ಎಂದಿತು, ಯಂತ್ರ ಏರು ಎಂದಿತು. ಇನ್ನೊಬ್ಬರು ಯಂತ್ರದ ಮಾತು ಕೇಳಿ ಇಳಿದರು. ಯೈಜುವಿನಲ್ಲಿ ಬೆಳಕಿತ್ತು, ಕಣ್ಣು ಕೊನೆಯ ಗಳಿಗೆಯಲ್ಲಿ ಕೈಹಿಡಿಯಿತು. ಆ ಬೆಳಕಿಲ್ಲದಿದ್ದರೆ ಏನಾಗುತ್ತಿತ್ತೋ ಅದು ಹದಿನೇಳು ತಿಂಗಳ ನಂತರ ಯೂಬರ್ಲಿಂಗನ್‌ನಲ್ಲಿ ಆಯಿತು. ಜಪಾನಿನ ತನಿಖಾ ಆಯೋಗದ ವರದಿ ಹೊರಬಿದ್ದದ್ದು ಯೂಬರ್ಲಿಂಗನ್ ದುರಂತ ನಡೆದ ಬಳಿಕ, ಅದೇ ಜುಲೈನಲ್ಲಿ.

ನಿಯಮದ ಸಾಲು ಕೊನೆಗೂ ಬಂತು, 2003ರ ನವೆಂಬರ್‌ನಲ್ಲಿ. ಯಂತ್ರದ ಆಜ್ಞೆ ಬಂದರೆ ಪೈಲಟ್ ಅದನ್ನೇ ಪಾಲಿಸಬೇಕು, ಕಂಟ್ರೋಲರ್ ಅದಕ್ಕೆ ವಿರುದ್ಧವಾಗಿ ಹೇಳಿದರೂ. ವಿಮಾನವನ್ನೇ ಅಪಾಯಕ್ಕೆ ದೂಡುವಂತಿದ್ದರೆ ಮಾತ್ರ ವಿನಾಯಿತಿ. ಆಗಲೂ ಯಂತ್ರ ಹೇಳಿದ್ದಕ್ಕೆ ತದ್ವಿರುದ್ಧ ದಿಕ್ಕಿಗೆ ಹೋಗುವಂತಿಲ್ಲ. ಈಗ ಪೈಲಟ್ ರೇಡಿಯೊದಲ್ಲಿ ಹೇಳಬೇಕಾದದ್ದು ‘ಟೀಕ್ಯಾಸ್ ಆರ್‌ಎ’ ಎಂಬ ಎರಡೇ ಪದ; ಆರ್‌ಎ ಎಂದರೆ ಯಂತ್ರದ ಆ ಆಜ್ಞೆ. ಅದು ಕಿವಿಗೆ ಬಿದ್ದ ಕೂಡಲೇ ಕಂಟ್ರೋಲರ್ ‘ರೋಜರ್’ ಎಂದು ಸುಮ್ಮನಾಗಬೇಕು. ಅಪಾಯ ಕಳೆಯಿತು ಎಂದು ಪೈಲಟ್ ಹೇಳುವವರೆಗೆ ಆ ವಿಮಾನದ ದಾರಿ ಬದಲಿಸುವ ಆದೇಶ ಕೊಡುವಂತಿಲ್ಲ. ಯಂತ್ರದ ತರ್ಕವೂ ಬದಲಾಯಿತು. ಎದುರಿನವನು ಮಾತು ಕೇಳುತ್ತಿಲ್ಲ, ಎರಡೂ ಒಂದೇ ಕಡೆ ಹೋಗುತ್ತಿವೆ ಎಂದು ಕಂಡರೆ ತನ್ನ ಆಜ್ಞೆಯನ್ನೇ ತಿರುಗಿಸಿ ಕೊಡುವ ಸಾಮರ್ಥ್ಯವನ್ನು 7.1 ಎಂಬ ಆವೃತ್ತಿಯಲ್ಲಿ ಗಟ್ಟಿಗೊಳಿಸಿದರು.

ಇಳಿಯುವ ಹೊತ್ತು

ವಿಮಾನ ಎತ್ತರದಲ್ಲಿ ಸಮನಾಗಿ ಹಾರುತ್ತಿರುವಷ್ಟು ಹೊತ್ತು ತನ್ನ ಎತ್ತರಕ್ಕೆ ತಾನೇ ಯಜಮಾನ. ಮೇಲೆ ಸಾವಿರ ಅಡಿ, ಕೆಳಗೆ ಸಾವಿರ ಅಡಿ ಖಾಲಿ. (29,000 ಅಡಿಯ ಮೇಲೆ ಈ ಅಂತರ ಮೊದಲು ಎರಡು ಸಾವಿರವಿತ್ತು, ಎತ್ತರಮಾಪಕಗಳು ಸುಧಾರಿಸಿದ ಮೇಲೆ ಅರ್ಧಕ್ಕಿಳಿಸಿದರು. ಭಾರತದಲ್ಲಿ ಅದು ಜಾರಿಗೆ ಬಂದದ್ದು 2003ರ ಕೊನೆಗೆ.) ಏರುವಾಗ, ಇಳಿಯುವಾಗ ಮಾತ್ರ ಬೇರೆಯವರ ಎತ್ತರಗಳನ್ನೆಲ್ಲ ದಾಟಿಕೊಂಡು ಬರಬೇಕು. ಬೆಂಗಳೂರಿಗೆ ಬರುವ ವಿಮಾನದಲ್ಲಿ ಕಿವಿ ಗುಂಯ್‌ಗುಡಲು ಶುರುವಾಗುತ್ತದಲ್ಲ, ಆ ಅರ್ಧ ಗಂಟೆಯಲ್ಲಿ ಕಾಕ್‌ಪಿಟ್‌ನೊಳಗೆ ಕೈಗೂ ಬಾಯಿಗೂ ಬಿಡುವಿರುವುದಿಲ್ಲ. ರೇಡಿಯೊ ತರಂಗಾಂತರ ಬದಲಿಸಬೇಕು, ಹೊಸ ಕಂಟ್ರೋಲರ್ ಜೊತೆ ಮಾತಾಡಬೇಕು, ವೇಗ ತಗ್ಗಿಸಬೇಕು, ಎತ್ತರಮಾಪಕವನ್ನು ಆ ಊರಿನ ಗಾಳಿಯೊತ್ತಡಕ್ಕೆ ಹೊಂದಿಸಬೇಕು, ರನ್‌ವೇ ಬದಲಾದರೆ ಕಂಪ್ಯೂಟರಿಗೆ ತಿಳಿಸಬೇಕು. ಇವುಗಳ ನಡುವೆ ‘ಇಂತಿಷ್ಟು ಅಡಿಗೆ ಇಳಿದು ಅಲ್ಲೇ ಇರಿ’ ಎಂಬ ಆದೇಶಗಳು ಒಂದರ ಹಿಂದೆ ಒಂದು.

ಆ ‘ಅಲ್ಲೇ ಇರಿ’ ಯಂತ್ರಕ್ಕೆ ಗೊತ್ತಿಲ್ಲ. ನಿಮಿಷಕ್ಕೆ ಮೂರು ಸಾವಿರ ಅಡಿಯಂತೆ ಇಳಿಯುತ್ತಿರುವ ವಿಮಾನ ಇನ್ನೊಂದರ ಸಾವಿರ ಅಡಿ ಮೇಲೆ ನಿಲ್ಲಲಿದೆ ಎಂಬುದು ಪೈಲಟ್ ಮನಸ್ಸಿನಲ್ಲಿದೆ, ಕಂಟ್ರೋಲರ್ ಮನಸ್ಸಿನಲ್ಲಿದೆ. ಟೀಕ್ಯಾಸ್ ಪಾಲಿಗೆ ಅದು ನೆತ್ತಿಯ ಮೇಲೆ ಬೀಳುತ್ತಿರುವ ವಿಮಾನವೇ. ಎಲ್ಲವೂ ಸರಿಯಿದ್ದಾಗಲೂ ಅದು ಕೂಗಿಕೊಳ್ಳುವುದುಂಟು. ಅನಗತ್ಯವಾಗಿ ಕೂಗುವ ಯಂತ್ರವನ್ನು ಮನುಷ್ಯ ಬಹುಬೇಗ ಅಸಡ್ಡೆ ಮಾಡುತ್ತಾನೆ. ಹಾಗಾಗಿ ನಿಲ್ಲಬೇಕಾದ ಎತ್ತರ ಸಾವಿರ ಅಡಿ ದೂರವಿರುವಾಗಲೇ ಇಳಿಯುವ ವೇಗವನ್ನು ನಿಮಿಷಕ್ಕೆ ಒಂದೂವರೆ ಸಾವಿರ ಅಡಿಗಿಂತ ಕೆಳಗೆ ತನ್ನಿ ಎಂದು ಪೈಲಟ್‌ಗಳಿಗೆ ಕಲಿಸುತ್ತಾರೆ. ಕೆಲವು ಹೊಸ ಏರ್‌ಬಸ್ ವಿಮಾನಗಳಲ್ಲಿ ಆಟೊಪೈಲಟ್ ಈ ಕೆಲಸ ತಾನೇ ಮಾಡುತ್ತದೆ, ಟೀಕ್ಯಾಸ್ ಆಜ್ಞೆಯನ್ನೂ ತಾನೇ ಪಾಲಿಸುತ್ತದೆ. ನೆಲಕ್ಕೆ ತೀರಾ ಹತ್ತಿರ, ಸುಮಾರು ಸಾವಿರ ಅಡಿಯ ಕೆಳಗೆ, ಟೀಕ್ಯಾಸ್ ಆಜ್ಞೆ ಕೊಡುವುದನ್ನೇ ನಿಲ್ಲಿಸುತ್ತದೆ. ಅಲ್ಲಿ ಇಳಿ ಎಂದರೆ ಇಳಿಯುವುದಾದರೂ ಎಲ್ಲಿಗೆ?

ಇಳಿಯುವ ಹೊತ್ತಿನ ಅಪಾಯ ಏನೆಂದು ನಮ್ಮ ದೇಶ ಕಂಡದ್ದು ಇದೆಲ್ಲಕ್ಕೂ ಮುಂಚೆ, ಹರಿಯಾಣದ ಚರ್ಖಿ ದಾದ್ರಿಯಲ್ಲಿ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಧಹ್ರಾನ್‌ಗೆ ಹೊರಟ ಸೌದಿಯಾ ಜಂಬೊ 14,000 ಅಡಿಗೆ ಏರುತ್ತಿತ್ತು. ದೆಹಲಿಗೆ ಬರುತ್ತಿದ್ದ ಕಜಕಸ್ತಾನದ ಇಲ್ಯೂಷಿನ್-76ಕ್ಕೆ 15,000 ಅಡಿಯವರೆಗೆ ಮಾತ್ರ ಇಳಿಯಲು ಅನುಮತಿ. ಬರುವವರಿಗೂ ಹೋಗುವವರಿಗೂ ಆಗ ಇದ್ದದ್ದು ಒಂದೇ ದಾರಿ. ದೆಹಲಿಯ ರೇಡಾರ್ ವಿಮಾನದ ಎತ್ತರ ತೋರಿಸುವಂಥದ್ದಾಗಿರಲಿಲ್ಲ. ಪೈಲಟ್ ಹೇಳಿದ್ದೇ ಎತ್ತರ. ಇಲ್ಯೂಷಿನ್‌ನಲ್ಲಿ ನೆಲದ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವನು ರೇಡಿಯೊ ಆಪರೇಟರ್. ಅವನ ಮುಂದೆ ಎತ್ತರಮಾಪಕವಿರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು. ವಿಮಾನ 15,000 ಅಡಿಯಲ್ಲಿ ನಿಲ್ಲಲಿಲ್ಲ, ಇಳಿಯುತ್ತಲೇ ಇತ್ತು. ಆಪರೇಟರ್‌ಗೆ ಅದು ಕಂಡು, 150ಕ್ಕೆ, ಅಂದರೆ 15,000 ಅಡಿಗೆ, ಹೋಗಿ ಎಂದು ಅವನು ಕೂಗಿದ್ದಕ್ಕೂ ಡಿಕ್ಕಿಗೂ ನಡುವೆ ಉಳಿದದ್ದು ಕೆಲವೇ ಸೆಕೆಂಡು. 349 ಮಂದಿ ಸತ್ತರು. ಸೌದಿ ವಿಮಾನದಲ್ಲಿದ್ದವರಲ್ಲಿ ಬಹಳಷ್ಟು ಮಂದಿ ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟ ಭಾರತೀಯರು. ಎರಡರಲ್ಲೂ ಟೀಕ್ಯಾಸ್ ಇರಲಿಲ್ಲ. ನ್ಯಾಯಮೂರ್ತಿ ಆರ್.ಸಿ. ಲಹೋಟಿ ವಿಚಾರಣೆಯ ಬಳಿಕ ದೆಹಲಿಯಲ್ಲಿ ಬರುವ ದಾರಿ, ಹೋಗುವ ದಾರಿ ಬೇರೆಯಾದವು. ಎತ್ತರ ತೋರಿಸುವ ರೇಡಾರ್ ಬಂತು. ಭಾರತದ ಆಕಾಶದಲ್ಲಿ ಹಾರುವ ಪ್ರಯಾಣಿಕ ವಿಮಾನಗಳಿಗೆ ಈ ಯಂತ್ರ ಕಡ್ಡಾಯವಾಯಿತು.

ಅದರ ಫಲವನ್ನು ಬೆಂಗಳೂರಿನ ಪ್ರಯಾಣಿಕರೂ ಉಂಡಿದ್ದಾರೆ. 2018ರ ಜುಲೈ 10ರಂದು ಕೊಯಮತ್ತೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಇಂಡಿಗೊ ವಿಮಾನವೂ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಅದೇ ಕಂಪನಿಯ ವಿಮಾನವೂ ಬೆಂಗಳೂರು ವಾಯುಪ್ರದೇಶದಲ್ಲಿ ಎದುರಾದವು. ಎತ್ತರದ ಅಂತರ ಸುಮಾರು 200 ಅಡಿಗೆ ಇಳಿದಿತ್ತು. ಎರಡೂ ಕಡೆ ಯಂತ್ರ ಕೂಗಿತು, ಎರಡೂ ಕಡೆ ಪೈಲಟ್‌ಗಳು ಕೇಳಿದರು. ಮುನ್ನೂರಕ್ಕೂ ಹೆಚ್ಚು ಮಂದಿ ಊರು ತಲುಪಿದರು. ನಿಯಮದ ಆ ಒಂದು ಸಾಲಿನ ಬೆಲೆ ಇಷ್ಟು.

ಯಂತ್ರದ ಗುಣಗಾನ ಇಲ್ಲಿಗೆ ಸಾಕು. 2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನಲ್ಲಿ ಕಾಪಾಡಿದ್ದು ಮನುಷ್ಯ. ಅಂದು ಕೆಂಪೇಗೌಡ ನಿಲ್ದಾಣದಲ್ಲಿ ಉತ್ತರದ ರನ್‌ವೇಯಿಂದ ವಿಮಾನಗಳು ಏರುತ್ತಿದ್ದವು, ದಕ್ಷಿಣದ್ದರಲ್ಲಿ ಇಳಿಯುತ್ತಿದ್ದವು. ನಡುವೆ ಪಾಳಿಯ ಮುಖ್ಯಸ್ಥರು ಒಂದೇ ರನ್‌ವೇ ಬಳಸೋಣ, ದಕ್ಷಿಣದ್ದನ್ನು ಮುಚ್ಚೋಣ ಎಂದು ತೀರ್ಮಾನಿಸಿದರು. ಅದು ದಕ್ಷಿಣದ ಟವರ್ ಕಂಟ್ರೋಲರ್‌ಗೆ ತಲುಪಲಿಲ್ಲ. ಒಬ್ಬರು ಕೋಲ್ಕತ್ತ ವಿಮಾನಕ್ಕೆ, ಇನ್ನೊಬ್ಬರು ಭುವನೇಶ್ವರ ವಿಮಾನಕ್ಕೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಏರಲು ಅನುಮತಿ ಕೊಟ್ಟರು. ಎರಡೂ ಒಂದೇ ದಿಕ್ಕಿಗೆ ಏರಿ ಪರಸ್ಪರ ಹತ್ತಿರವಾಗುತ್ತಿರುವುದನ್ನು ರೇಡಾರ್‌ನಲ್ಲಿ ಕಂಡ ಕಂಟ್ರೋಲರ್ ಒಬ್ಬರು ಇಬ್ಬರಿಗೂ ಬೇರೆ ಬೇರೆ ದಿಕ್ಕು ಹೇಳಿ ದೂರ ಮಾಡಿದರು. ಸುಮಾರು 3,000 ಅಡಿ ಎತ್ತರದಲ್ಲಿ, ನಾನೂರಕ್ಕೂ ಹೆಚ್ಚು ಜನರ ಮಟ್ಟಿಗೆ, ಅಂದು ಕೆಲಸಕ್ಕೆ ಬಂದದ್ದು ಒಬ್ಬರ ಕಣ್ಣು.

ಆದರೆ ಆ ದಿನದ ಲಾಗ್‌ಬುಕ್‌ನಲ್ಲಿ ಈ ಘಟನೆಯನ್ನು ಬರೆದಿರಲಿಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರದಿಂದ ವರದಿಯೂ ಹೋಗಿರಲಿಲ್ಲ ಎಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಅಧಿಕಾರಿಗಳೇ ಹೇಳಿದರು. ಸುದ್ದಿ ಹೊರಬಂದು, ತನಿಖೆ ಶುರುವಾದದ್ದು ಆಮೇಲೆ. ಯೈಜುವಿನ ಪಾಠ ಐಸಿಎಒದ ಕಡತದಲ್ಲಾದರೂ ಇತ್ತು. ಇಲ್ಲಿ ಕಡತವೇ ಇರಲಿಲ್ಲ.

ಬರೆಯದಿರುವುದಕ್ಕೆ ಸೋಮಾರಿತನವೊಂದೇ ಕಾರಣ ಎಂದು ನನಗೆ ಅನಿಸುವುದಿಲ್ಲ. ಯೈಜುವಿನ ಯುವಕ ಮತ್ತು ಮೇಲ್ವಿಚಾರಕಿಯ ಮೇಲೆ ಜಪಾನಿನಲ್ಲಿ ಕ್ರಿಮಿನಲ್ ಮೊಕದ್ದಮೆ ಹೂಡಿದರು. 2006ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಇಬ್ಬರನ್ನೂ ಬಿಟ್ಟಿತು. 2008ರಲ್ಲಿ ಹೈಕೋರ್ಟ್ ತಪ್ಪಿತಸ್ಥರೆಂದಿತು. 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಜೈಲು ಶಿಕ್ಷೆಯನ್ನು ಅಮಾನತಿನಲ್ಲಿಟ್ಟರೂ ಅಪರಾಧಿಗಳೆಂಬ ಹಣೆಪಟ್ಟಿ ಉಳಿಯಿತು. ಒಂದು ನಂಬರು ತಪ್ಪಿ ಹೇಳಿದ್ದಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದವರನ್ನು ಕಂಡ ಇನ್ನೊಬ್ಬ ಕಂಟ್ರೋಲರ್, ನಾಳೆ ತನ್ನ ಬಾಯಲ್ಲೂ ಅಂಥದೊಂದು ನಂಬರು ಬಂದು, ಯಾರಿಗೂ ಏನೂ ಆಗದೆ ಎರಡು ವಿಮಾನಗಳು ದಾಟಿಹೋದರೆ, ಪಾಳಿ ಮುಗಿಯುವಾಗ ಪುಸ್ತಕ ತೆರೆದು ಅದನ್ನು ಬರೆಯುತ್ತಾನೆಯೇ? ಗಾಯಗೊಂಡ ನೂರು ಜನರ ಎದುರು ನಿಂತು, ಆ ಇಬ್ಬರು ಕಂಟ್ರೋಲರ್‌ಗಳಿಗೆ ಶಿಕ್ಷೆ ಬೇಡವಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಆದರೂ ಆ ಎರಡು ವಿಮಾನಗಳ ಬಗ್ಗೆ ಗೊತ್ತಿರಬೇಕಾದವರು ಆ ಕಂಟ್ರೋಲರ್ ಒಬ್ಬನೇ ಅಲ್ಲ.